ಎಲ್ಲ ಉತ್ತರಕ್ಕೂ ಒಂದು ಕಡಿಮೆ

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಗುಬ್ಬಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಶಿಕ್ಷಕಿ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ತುಮಕೂರಿನ ಸದಾಶಿವನಗರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಗಣಿತದಲ್ಲಿ ಚುರುಕಾದ ಹತ್ತು ಮಕ್ಕಳಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಎನ್‌ರಿಚ್‌ಮೆಂಟ್ ಕ್ಲಾಸ್ ಶುರು ಮಾಡಿದ್ದೆ. ಮುಂದಿನ ತರಗತಿಯ ಪಾಠವನ್ನು ಮೊದಲೇ ಮುಗಿಸುವುದಲ್ಲ ಅದು. ಕಲಿತ ಲೆಕ್ಕದಲ್ಲೇ ಇನ್ನೂ ಆಳಕ್ಕೆ ಇಳಿಸುವುದು.

ನಾಲ್ಕನೇ ತರಗತಿಯ ಚೈತ್ರಾ ನನ್ನ ಕೈಗೆ ಸಿಗುತ್ತಿರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವಷ್ಟರಲ್ಲಿ ಮುಗಿಸಿ, ಕಾಲು ಕುಣಿಸುತ್ತಾ ಕೂತಿರುತ್ತಿದ್ದಳು. ಅದನ್ನು ನೋಡಿದರೆ ನನಗೆ ಚಡಪಡಿಕೆ. "ನೀನೇ ಲೀಡರ್ ಕಣೇ, ಇವರದ್ದೆಲ್ಲ ತಿದ್ದು" ಎಂದು ಉಳಿದ ಒಂಬತ್ತು ಪುಸ್ತಕ ಅವಳ ಮುಂದಿಟ್ಟೆ. ಪ್ರತಿ ಶನಿವಾರ ಇದೇ ನಡೆಯಿತು. ದೊಡ್ಡ ಗೌರವ ಕೊಟ್ಟೆನೆಂದೇ ನಾನು ತಿಳಿದಿದ್ದೆ.

ದಸರಾ ರಜೆಯ ನಂತರ ಅವಳ ಉತ್ತರಗಳು ತಪ್ಪತೊಡಗಿದವು. ಮೂರು ವಾರ ಒಂದೂ ಸರಿಯಿಲ್ಲ. ನನಗೋ ಕೋಪ ಮೂಗಿನ ತುದಿಯಲ್ಲೇ. ಅವಳ ಜಾಗಕ್ಕೆ ಬೇರೆ ಮಗುವನ್ನು ಸೇರಿಸುವುದೆಂದು ತೀರ್ಮಾನಿಸಿ ತಾಯಿಯನ್ನು ಕರೆಸಿದೆ.

"ಮನೇಲಿ ಎಲ್ಲಾ ಬಾಯಲ್ಲೇ ಹೇಳ್ತಾಳೆ ಮಿಸ್. ಇಲ್ಲಿ ಯಾಕೆ ಹಿಂಗೆ ಮಾಡ್ತಾಳೋ ಕಾಣೆ. ಇನ್ನೊಂದ್ ವಾರ ನೋಡಿ" ಎಂದು ಆಕೆ ಬೇಡಿಕೊಂಡರು.

"ಸೋಮವಾರ ಹೇಳ್ತೀನಿ" ಎಂದೆ. ಮನಸ್ಸಿನಲ್ಲಿ ಆಗಲೇ ಹೆಸರು ಹೊಡೆದು ಹಾಕಿದ್ದೆ.

ಬಸ್ಸಿನಲ್ಲಿ ಕೂತರೂ ಸಮಾಧಾನವಿಲ್ಲ. ಅವಳ ಪುಸ್ತಕ ತೆರೆದೆ. ಇಪ್ಪತ್ತೈದನ್ನು ಹದಿನಾರರಿಂದ ಗುಣಿಸಿದರೆ ನಾನೂರು. ಅವಳು ಬರೆದದ್ದು ಮುನ್ನೂರ ತೊಂಬತ್ತೊಂಬತ್ತು. ಒಂದರಿಂದ ಇಪ್ಪತ್ತರವರೆಗೆ ಕೂಡಿದರೆ ಇನ್ನೂರ ಹತ್ತು. ಅವಳದು ಇನ್ನೂರ ಒಂಬತ್ತು. ಪುಟ ತಿರುವಿದಂತೆಲ್ಲ ಅದೇ, ಎಲ್ಲದರಲ್ಲೂ ಒಂದು ಕಡಿಮೆ. ಸರಿಯುತ್ತರ ಗೊತ್ತಿಲ್ಲದವರು ಇಷ್ಟು ಕರಾರುವಾಕ್ಕಾಗಿ ತಪ್ಪು ಮಾಡಲಾರರು.

ಸೋಮವಾರ ಬೆಳಿಗ್ಗೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ತಲೆ ಬಗ್ಗಿಸಿಯೇ ಹೇಳಿದಳು: "ಸರಿ ಮಾಡಿದ್ರೆ ಪುಸ್ತಕ ತಿದ್ದೋಕೆ ಕೊಡ್ತೀರಿ ಮಿಸ್. ನಂಗೆ ಹೊಸ ಲೆಕ್ಕ ಕೊಡಲ್ಲ."

ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಕೊಡಲು ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ. ತಯಾರಿ ಮಾಡಿಕೊಳ್ಳದೆ ಲೀಡರ್ ಪಟ್ಟ ಕಟ್ಟಿ ಕೈತೊಳೆದುಕೊಂಡಿದ್ದೆ. ಅಲ್ಲೇ ಹದಿನಾರು ಮನೆಯ ಚೌಕ ಬರೆದು, ಒಂದರಿಂದ ಹದಿನಾರರವರೆಗಿನ ಸಂಖ್ಯೆಗಳನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ ಮೂವತ್ತನಾಲ್ಕು ಬರುವಂತೆ ತುಂಬಲು ಹೇಳಿದೆ.

"ನಾನೂ ಮಾಡಿ ನೋಡಿಲ್ಲ ಕಣೇ."

"ಹಂಗಾದ್ರೆ ತಿದ್ದೋರು ಯಾರು ಮಿಸ್?"

"ಇಬ್ರೂ ಕೂಡಿ ನೋಡೋಣ."

ಊಟದ ಗಂಟೆ ಹೊಡೆದರೂ ಅವಳು ಏಳಲಿಲ್ಲ. ಬುಧವಾರ ತುಂಬಿಕೊಂಡು ಬಂದಳು. ಒಂದು ಮೂಲೆಯಿಂದ ಕೂಡಿದಾಗ ಮೂವತ್ಮೂರು ಬಂತು. ಈ ಸಲದ್ದು ಬೇಕೆಂದೇ ಮಾಡಿದ್ದಲ್ಲ, ಅಪ್ಪಟ ತಪ್ಪು. ನನಗಿಂತ ಮೊದಲು ಅವಳೇ ಕಂಡುಹಿಡಿದು ಪುಸ್ತಕ ಕಿತ್ತುಕೊಂಡು ಹೋದಳು. ಅವಳ ಹೆಸರು ಪಟ್ಟಿಯಲ್ಲಿ ಉಳಿಯಿತು.

ಬೇಗ ಮುಗಿಸಿದ ಮಗುವಿಗೆ ಇನ್ನೊಂದು ಲೆಕ್ಕ ಕೊಡಬೇಕು ಎಂಬಷ್ಟು ಸಣ್ಣ ಪಾಠ ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಗುಬ್ಬಿಗೆ ಬರುವ ಮುಂಚೆ ಕುಣಿಗಲ್ಲಿನ ಶಾಲೆಯಲ್ಲಿ ನಾನು ಲೀಡರ್ ಮಾಡಿದ ಮಕ್ಕಳು ಈಗ ನೆನಪಾಗುತ್ತಾರೆ. ಅವರಲ್ಲಿ ಕೆಲವರು ವರ್ಷದ ಮಧ್ಯದಲ್ಲಿ ಇದ್ದಕ್ಕಿದ್ದಂತೆ ದಡ್ಡರಾಗಿಬಿಟ್ಟಿದ್ದರು. ಅವರ ಪುಸ್ತಕಗಳನ್ನು ನಾನು ಎರಡನೇ ಸಲ ತೆರೆದು ನೋಡಿರಲಿಲ್ಲ.