ಕಾರಿನ ಕೆಳಗಿನ ಇಟ್ಟಿಗೆಗಳು

"ನನ್ನ ಕಾರಿನ ಕೆಳಗೆ ಇಟ್ಟಿಗೆ ಇಟ್ಟವರು ಯಾರು?" ಬೆಳಿಗ್ಗೆ ಆಫೀಸಿಗೆ ಹೊರಟವನು ಕೋಥರೂಡದ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಂತು ಕೂಗಾಡಿದೆ. ನನ್ನದು ಹದಿನೆಂಟು ವರ್ಷ ಹಳೆಯ ಐಷಾರಾಮಿ ಕಾರು. ಗಾಳಿ ತುಂಬಿ ಕಾರನ್ನು ಎತ್ತಿ ಹಿಡಿಯುವ ಏರ್ ಸಸ್ಪೆನ್ಷನ್ ಸೋರುವುದರಿಂದ, ನಿಲ್ಲಿಸಿದ ಮೇಲೆ ಮುದಿ ಎಮ್ಮೆಯ ಹಾಗೆ ಮೆಲ್ಲಗೆ ನೆಲಕ್ಕೆ ಕೂತುಬಿಡುತ್ತದೆ.

ಗೌಂಡಿ ಕೆಲಸ ಬಿಟ್ಟು ವಾಚ್‌ಮನ್ ಆಗಿರುವ ಯಾದಗಿರಿಯ ಮಲ್ಲಪ್ಪ ಓಡಿ ಬಂದ. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಬುಡಕ ಬೆಕ್ಕು ಮರಿ ಹಾಕ್ಯದ. ನಿಮ್ಮ ಗಾಡಿ ಕುಂತ್ರ ಅವು ಉಳೀತಾವೇನ್ರಿ?"

ಬಗ್ಗಿ ನೋಡಿದೆ. ಇಟ್ಟಿಗೆಗಳ ನಡುವೆ ಕಣ್ಣು ಬಿಡದ ಮೂರು ಮರಿಗಳು ಹಾಲು ಕುಡಿಯುತ್ತಿದ್ದವು. ಕೀಲಿ ಜೇಬಿಗಿಳಿಸಿ ಬಸ್ ಸ್ಟಾಪಿಗೆ ನಡೆದೆ.

ಮರಿಗಳು ಓಡಾಡತೊಡಗಿದ ಮೇಲೆಯೇ ಕಾರು ಗ್ಯಾರೇಜಿಗೆ ಹೋಯಿತು. ಈಗ ಅದು ಕೂರುವುದಿಲ್ಲ. ಆದರೂ ಒಮ್ಮೆ ಬಗ್ಗಿ ಕೆಳಗೆ ನೋಡದೆ ನಾನು ಕೀಲಿ ತಿರುಗಿಸುವುದಿಲ್ಲ.