ಒಂಬತ್ತನ್ನು ಆರು ಮಾಡಿದ ದಿನ

ಚಿತ್ರದುರ್ಗದಲ್ಲಿ ನಮ್ಮ ಸಸ್ಯಶಾಸ್ತ್ರ ಸ್ನಾತಕೋತ್ತರ ವಿಭಾಗಕ್ಕೆ ಒಬ್ಬ ಅಧ್ಯಾಪಕರನ್ನು ಆರಿಸಬೇಕಿತ್ತು. ಆಯ್ಕೆ ಸಮಿತಿಯ ಐವರಲ್ಲಿ ನಾನೇ ಕಿರಿಯವಳು, ಹೆಂಗಸೂ ನಾನೊಬ್ಬಳೇ.

ಸಂದರ್ಶನಕ್ಕೆ ಬಂದವರಲ್ಲಿ ಆಂಧ್ರ ಗಡಿಗೆ ಹತ್ತಿರದ ಧರ್ಮಪುರದ ಕಡೆಯ ಒಬ್ಬ ಯುವತಿ ಇದ್ದಳು. ಬಯಲುಸೀಮೆಯ ಹುಲ್ಲುಗಳ ಮೇಲೆ ಪಿಎಚ್.ಡಿ. ಮಾಡಿದ್ದಳು. ಹತ್ತು ನಿಮಿಷ ಪಾಠ ಮಾಡಿ ಎಂದಾಗ, ಚೀಲದಿಂದ ಬೇರು ಸಮೇತ ಒಣಗಿದ ಎರಡು ಹುಲ್ಲು ತೆಗೆದು, ಮಳೆ ತಪ್ಪಿದ ವರ್ಷ ಯಾವುದು ಉಳಿಯುತ್ತದೆ, ಏಕೆ ಎಂದು ವಿವರಿಸಿದಳು. ಇಷ್ಟು ವರ್ಷ ಪಾಠ ಹೇಳಿದ ನನಗೂ ಅದು ಹೊಸದು. ನನ್ನ ಹಾಳೆಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ಬರೆದೆ.

ಆಮೇಲೆ ಸಮಿತಿಯ ಅಧ್ಯಕ್ಷರು ಕೇಳಿದರು, "ತಂದೆ ಏನು ಮಾಡ್ತಾರಮ್ಮ?"

"ಕುರಿ ಕಾಯ್ತಾರೆ ಸಾರ್. ಹುಲ್ಲಿನ ಹೆಸರು ಮೊದ್ಲು ಕಲಿಸಿದ್ದು ನಮ್ಮಪ್ಪನೇ."

ಒಬ್ಬರು ನಕ್ಕರು. ಅವಳು ಹೊರಗೆ ಹೋದ ಮೇಲೆ ಅಧ್ಯಕ್ಷರು, "ಪಾಠವೇನೋ ಚೆನ್ನಾಗೈತೆ. ಆದ್ರೆ ಆ ಮಾತು, ಅರ್ಧ ತೆಲುಗು. ನಮ್ಮ ವಿಭಾಗಕ್ಕೆ ಒಗ್ಗಲ್ಲ ಬಿಡ್ರಿ," ಎಂದರು. ಉಳಿದವರು ಹೂಂಗುಟ್ಟಿದರು. ನಾನು ಒಂಬತ್ತನ್ನು ಹೊಡೆದು ಆರು ಮಾಡಿದೆ. ಹಾಗೆ ಮಾಡೆಂದು ಯಾರೂ ನನಗೆ ಹೇಳಿರಲಿಲ್ಲ. ಕೆಲಸ ಅಧ್ಯಕ್ಷರಿಗೆ ಗೊತ್ತಿದ್ದ ಮನೆತನದ ಒಬ್ಬರಿಗೆ ಆಯಿತು.

ಮರುವರ್ಷ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೊಸದುರ್ಗದ ಒಂದು ಕಾಲೇಜಿಗೆ ಹೋದೆ. ಅಲ್ಲಿ ಅವಳು ಅತಿಥಿ ಉಪನ್ಯಾಸಕಿ. ಟೀ ತರಿಸಿಕೊಟ್ಟು ಎದುರು ಕೂತಳು.

"ಮೇಡಂ, ಅವತ್ತು ನನ್ನ ಪಾಠದಾಗೆ ಏನು ತಪ್ಪಿತ್ತು ಹೇಳ್ರಿ. ತಿದ್ಕಂತೀನಿ."

ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. "ತಪ್ಪೇನೂ ಇರ್ಲಿಲ್ಲಮ್ಮ. ನಿನ್ನ ಮಾತು ಅರ್ಧ ತೆಲುಗು ಅಂದ್ರು ಅಧ್ಯಕ್ಷರು. ಅದನ್ನ ಕೇಳಿ ನಾನೇ ಅಂಕ ಕಡಿಮೆ ಮಾಡ್ದೆ."

"ಅದೇ ಇರ್ಬೇಕು ಅಂದ್ಕಂಡು ಒಂದು ವರ್ಷ ಕನ್ನಡಿ ಮುಂದೆ ನಿಂತ್ಕಂಡು ಮಾತು ತಿದ್ದಿದೀನಿ ಮೇಡಂ," ಎಂದು ಎದ್ದು ಪ್ರಯೋಗಾಲಯಕ್ಕೆ ಹೋದಳು.

ಕೆಲವು ವರ್ಷಗಳ ಮೇಲೆ ನಾನು ವಿಭಾಗದ ಮುಖ್ಯಸ್ಥೆಯಾದಾಗ ಇನ್ನೊಂದು ಹುದ್ದೆ ಬಂತು. ಎಲ್ಲರಿಗೂ ಅವೇ ಪ್ರಶ್ನೆ, ಮನೆತನದ ವಿಚಾರ ಕೇಳುವಂತಿಲ್ಲ, ಚರ್ಚೆಗೆ ಮೊದಲೇ ಅಂಕ ಬರೆದು ಲಕೋಟೆಗೆ ಹಾಕಬೇಕು ಎಂದು ಪಟ್ಟು ಹಿಡಿದೆ.

"ಹಿಂದುಮುಂದು ಕೇಳ್ದೆ ಮನುಷ್ಯನ್ನ ಹೆಂಗ್ರಿ ಅಳೆಯಾದು?" ಎಂದರು ಹಿರಿಯರೊಬ್ಬರು.

"ಪಾಠ ಕೇಳಿ ಅಳೆಯೋಣ ಸಾರ್," ಎಂದೆ. ಗೊಣಗುತ್ತಲೇ ಒಪ್ಪಿದರು.

ಅರ್ಜಿ ಹಾಕು ಎಂದು ಅವಳಿಗೆ ಫೋನ್ ಮಾಡಿದೆ.

"ಇನ್ನೊಂದ್ಸಲ ಆ ಕೋಣೆಯಾಗೆ ಕುಂತ್ಕಳಾಕೆ ನನ್ಕೈಲಿ ಆಗಲ್ಲ ಮೇಡಂ. ಬೇರೆಯವ್ರಿಗೆ ಹಂಗಾಗದಂಗೆ ನೋಡ್ಕಳ್ರಿ, ಸಾಕು."

ಆ ಸಲ ಅವಳ ಸೀಮೆಯದೇ ಆದ ಹರಿಯಬ್ಬೆಯ ಒಬ್ಬ ಯುವಕ ಆಯ್ಕೆಯಾದ. ಚೆನ್ನಾಗಿ ಪಾಠ ಮಾಡುತ್ತಾನೆ. ಅವಳು ಇನ್ನೂ ಹೊಸದುರ್ಗದಲ್ಲಿ ಅತಿಥಿ ಉಪನ್ಯಾಸಕಿಯಾಗಿಯೇ ಇದ್ದಾಳೆ.