ಆರು ವೋಲ್ಟಿನ ಶನಿವಾರಗಳು

ಅಮೆರಿಕದ ಷಾರ್ಲೆಟ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ, ರಾಜ್ಯದ ಗಡಿ ದಾಟಿದ ಮೇಲೆ ನಮ್ಮ ಆರು ಎಕರೆ ಸಿಗುತ್ತದೆ. 2021ರಲ್ಲಿ ನನ್ನ ಬ್ಯಾಂಕಿನ ಕೆಲಸವೆಲ್ಲ ಮನೆಯಿಂದಲೇ ನಡೆಯುತ್ತಿದ್ದಾಗ, ಹೆಂಡತಿಯೂ ನಾನೂ ನಗರದ ಬ್ಯಾಲಂಟೈನ್ ಬಡಾವಣೆಯ ಟೌನ್‌ಹೋಮ್ ಮಾರಿ ಅದನ್ನು ಕೊಂಡೆವು. ಜಮೀನಿನ ಜೊತೆಗೆ ಶೆಡ್ಡಿನಲ್ಲಿದ್ದ ಹಳೆಯ ಕ್ರಾಲರ್ ಟ್ರ್ಯಾಕ್ಟರೂ ಬಂತು. ಅದಕ್ಕೆ ಟೈರಿಲ್ಲ, ಬುಲ್ಡೋಜರಿನ ಹಾಗೆ ಎರಡು ಕಡೆ ಉಕ್ಕಿನ ಪಟ್ಟಿ, ಮುಂದೊಂದು ಬ್ಲೇಡು. ಜೋರು ಮಳೆ ಬಂದಾಗಲೆಲ್ಲ ನಮ್ಮ ಜಲ್ಲಿ ದಾರಿ ಕೊಚ್ಚಿಹೋಗುತ್ತಿತ್ತು, ಅದನ್ನು ಸಮ ಮಾಡಲು ಈ ಯಂತ್ರ ಬೇಕೇ ಬೇಕಿತ್ತು.

ಮಾರಿದವರು ಎಂಬತ್ತು ದಾಟಿದ ರೈತರೊಬ್ಬರು. ಹೆಂಡತಿ ತೀರಿಕೊಂಡ ಮೇಲೆ ಒಂದು ಮೈಲಿ ಆಚೆ ಒಂದು ಚಿಕ್ಕ ಮನೆ ಉಳಿಸಿಕೊಂಡು ಉಳಿದದ್ದನ್ನೆಲ್ಲ ಕೊಟ್ಟುಬಿಟ್ಟಿದ್ದರು. ನಮ್ಮ ಮನೆಯಲ್ಲಿ ಅವರಿಗೆ 'ಹಳೇ ಓನರ್ರು' ಎಂದೇ ಹೆಸರು. ಆ ಕ್ರಾಲರ್ ಅವರೊಬ್ಬರ ಕೈಗೆ ಮಾತ್ರ ಬಗ್ಗುತ್ತಿತ್ತು. ಅದರ ಬ್ಯಾಟರಿ ಬರೀ ಆರು ವೋಲ್ಟಿನದು. ವೋಲ್ಟೇಜು ಕಡಿಮೆಯಿದ್ದರೆ ಅದೇ ಕೆಲಸಕ್ಕೆ ಕರೆಂಟು ಹೆಚ್ಚು ಬೇಕು. ಎಲ್ಲೋ ಒಂದು ಜಾಯಿಂಟು ಚೂರು ತುಕ್ಕು ಹಿಡಿದರೂ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. ಹಾಗಾಗಿ ಪ್ರತಿ ಶನಿವಾರ ಬೆಳಿಗ್ಗೆ ಅವರೇ ಬರುತ್ತಿದ್ದರು. ಎರಡು ಸಲ ಚೋಕ್ ಎಳೆದು, ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೈಯಿಂದ ಅರ್ಧ ಸುತ್ತು ತಿರುಗಿಸಿ, ಹತ್ತಿ ಕೂತು ಮುಂದಿನ ತಗಡಿನ ಮೇಲೆ ಎರಡು ಏಟು ತಟ್ಟಿ, ಆಮೇಲೆ ಸೆಲ್ಫ್ ಒತ್ತುತ್ತಿದ್ದರು. ಅದು ಊರಿಗೆಲ್ಲ ಕೇಳುವ ಹಾಗೆ ಗುಡುಗಿ ಶುರುವಾಗುತ್ತಿತ್ತು. ಕೆಲಸ ಮುಗಿದ ಮೇಲೆ ಬ್ಯಾಟರಿ ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ, ಪಿಕಪ್ಪಿನ ಮುಂದಿನ ಸೀಟಿನಲ್ಲಿಟ್ಟುಕೊಂಡು ಚಾರ್ಜ್ ಮಾಡಲು ಮನೆಗೆ ಒಯ್ಯುತ್ತಿದ್ದರು.

"ಚಾರ್ಜ್ ಇಲ್ಲೇ ಮಾಡಬಹುದಲ್ಲ" ಎಂದು ಒಮ್ಮೆ ಕೇಳಿದ್ದೆ.

"ಅದಕ್ಕೆ ನನ್ನ ಅಡುಗೆಮನೆ ಅಭ್ಯಾಸ ಆಗಿಬಿಟ್ಟಿದೆ" ಅಂದಿದ್ದರು.

ಅವರಿಗೆ ವಾರದಲ್ಲಿ ಬೇರೆ ಹೋಗುವ ಜಾಗವಿರಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ವರ್ಷ ಆಯುಧ ಪೂಜೆಯನ್ನು ಅನುಕೂಲಕ್ಕಾಗಿ ಶನಿವಾರಕ್ಕೆ ಇಟ್ಟುಕೊಂಡು ಷಾರ್ಲೆಟ್‌ನ ಕನ್ನಡದವರನ್ನೆಲ್ಲ ಕರೆದೆವು. ಲೀಸಿಗೆ ತಂದ ಕಾರಿಗೆ ಪೂಜೆ ಮಾಡಿ ಬೇಸತ್ತವರಿಗೆ ಒಂದು ನಿಜವಾದ ಯಂತ್ರ ತೋರಿಸುವ ಹಮ್ಮು ನನಗಿತ್ತು. ಬೆಳಗಾಗುತ್ತಲೇ ಪೈಪು ಹಿಡಿದು ಕ್ರಾಲರಿಗೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿಸಿದೆ. ಹೆಂಡತಿ ಕಂಡ ಕಡೆಯಲ್ಲೆಲ್ಲ ಅರಿಶಿನ ಕುಂಕುಮ ಹಚ್ಚಿ ಸೇವಂತಿಗೆ ಹಾರ ಹಾಕಿದಳು. ಕಾರಿಗಾದರೆ ನಾಲ್ಕು ನಿಂಬೆಹಣ್ಣು, ಪಟ್ಟಿಯ ಗಾಡಿಗೆ ಎಷ್ಟು ಎಂದು ಹತ್ತು ನಿಮಿಷ ಚರ್ಚೆಯಾಗಿ, ಎರಡಕ್ಕೆ ತೀರ್ಮಾನವಾಯಿತು.

ಹಳೇ ಓನರ್ರು ಬ್ಯಾಟರಿ ತಂದು ಕೂರಿಸಿದರು. ಒದ್ದೆ ಎಂಜಿನ್ ನೋಡಿ ಅವರ ಹುಬ್ಬು ಮೇಲೆ ಹೋಯಿತು. ಎಲ್ಲರೂ ಫೋನು ಹಿಡಿದು ನಿಂತಿದ್ದರು. ಸೆಲ್ಫ್ ಒತ್ತಿದರೆ ಒಂದು ನರಳಾಟ, ಅಷ್ಟೇ.

"ಒಂಬತ್ತಕ್ಕೆ ರಾಹುಕಾಲ ಸ್ಟಾರ್ಟ್ ಆಗತ್ತೆ ಸಾರ್, ಬೇಗ ಏನಾದ್ರೂ ಮಾಡಿ" ಎಂದು ಗೆಳೆಯರೊಬ್ಬರು ಅವಸರಿಸಿದರು. ಇನ್ನೊಬ್ಬರು, "ನನ್ನ ಕಾರನ್ನೇ ಓಡಿಸ್ಲಾ? ಅದು ಪುಷ್ ಬಟನ್" ಅಂದರು. ಎಲ್ಲರೂ ನಕ್ಕರು. ಹಳೇ ಓನರ್ರು ತಮ್ಮ ಅಂಗಿಯ ಚುಂಗಿನಿಂದ ಒಂದೊಂದೇ ವೈರನ್ನು ಒರೆಸುತ್ತಾ ಹೋದರು. ಕ್ರಾಲರ್ ಶುರುವಾದಾಗ ಒಂಬತ್ತೂ ಇಪ್ಪತ್ತು. ಅಷ್ಟರಲ್ಲಿ ಆ ಪುಷ್ ಬಟನ್ ಕಾರು ಕ್ರಾಲರಿಗೆಂದು ಇಟ್ಟಿದ್ದ ಎರಡು ನಿಂಬೆಹಣ್ಣನ್ನೂ ಅರೆದು ಮುಗಿಸಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀರು ಹೊಡೆದವನು ನಾನು, ಬೈದದ್ದು ಆರು ವೋಲ್ಟನ್ನು. ಇದನ್ನು ಹನ್ನೆರಡಕ್ಕೆ ಏರಿಸಿಯೇ ತೀರುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ಮುಂದಿನ ವಸಂತದಲ್ಲಿ ಹಳೇ ಓನರ್ರು ಮೊಣಕಾಲಿನ ಆಪರೇಷನ್ನಿಗೆ ಅಟ್ಲಾಂಟಾದ ಮಗಳ ಮನೆಗೆ ಹೋದರು. ಬ್ಯಾಟರಿ ಎಂದಿನಂತೆ ಅವರ ಮನೆಯಲ್ಲೇ ಇತ್ತು. ನಾನು ವೀಡಿಯೊ ನೋಡಿಕೊಂಡು ವಾರಾಂತ್ಯಗಳಲ್ಲಿ ಕೆಲಸ ಹಿಡಿದೆ. ಬಟ್ಟೆ ಸುತ್ತಿದ ಹಳೆಯ ವೈರುಗಳ ಬಣ್ಣವೆಲ್ಲ ಕಪ್ಪಾಗಿತ್ತು. ಒಂದೊಂದಕ್ಕೂ ನಂಬರು ಕೊಟ್ಟು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡೆ. ನಮ್ಮ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ತುದಿ ಗಾಡಿಯ ಉಕ್ಕಿನ ಮೈಗೆ ಸೇರುತ್ತದೆ, ಇದರಲ್ಲಿ ಪ್ಲಸ್ ಸೇರಿತ್ತು. ಅದನ್ನು ತಿರುಗಿಸಿದೆ. ಹಳೆಯ ಡೈನಮೊ ತೆಗೆದು ಬ್ಯಾಟರಿ ಚಾರ್ಜ್ ಮಾಡುವ ಹೊಸ ಆಲ್ಟರ್ನೇಟರ್ ಕೂರಿಸಿದೆ, ಕಿಡಿ ಹಾರಿಸುವ ಕಾಯಿಲ್ಲು, ಬಲ್ಬು ಬದಲಾಯಿಸಿದೆ. ಸೆಲ್ಫ್ ಮೋಟರು ಮಾತ್ರ ಹಳೆಯದೇ, ಸ್ವಲ್ಪ ಹೊತ್ತಿನ ಮಟ್ಟಿಗೆ ಹನ್ನೆರಡು ವೋಲ್ಟನ್ನು ತಾಳಿಕೊಳ್ಳುತ್ತದೆ. ಬಿಚ್ಚುವಾಗ ಪ್ರತಿ ಜಾಯಿಂಟಿನಲ್ಲೂ ಅವರ ಕೈಗೆಲಸ ಸಿಗುತ್ತಿತ್ತು: ಬಡಿದು ತೆಳ್ಳಗೆ ಮಾಡಿದ ತಾಮ್ರದ ಚೂರು, ಬಲೆಯ ಹಾಗೆ ಹೆಣೆದು ಕಟ್ಟಿದ ದಾರ. ಎಲ್ಲವನ್ನೂ ಕಸಕ್ಕೆ ಹಾಕಿದೆ.

ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ನಾನು ಮಾಡಿದ್ದೂ ಇದನ್ನೇ, ಹಳೆಯ ಸಿಸ್ಟಮ್ ಕಿತ್ತು ಹೊಸದು ಹಾಕುವುದು. ಅಲ್ಲಿ ನಾವು ಮೊದಲು ಕೇಳುವ ಪ್ರಶ್ನೆ, ಈ ಹಳೆಯದನ್ನು ಯಾರು ನೆಚ್ಚಿಕೊಂಡಿದ್ದಾರೆ ಎಂದು. ಇಲ್ಲಿ ಅದನ್ನು ಕೇಳಲಿಲ್ಲ.

"ರೀ, ಅವರಿಗೆ ಒಂದು ಮಾತು ಫೋನ್ ಮಾಡಿ ಹೇಳ್ಬಾರ್ದಾ?" ಎಂದಳು ಹೆಂಡತಿ.

"ಸರ್‌ಪ್ರೈಸ್ ಇರ್ಲಿ ಬಿಡೇ" ಅಂದೆ.

ಅವರು ಮರಳಿದ್ದು ಮತ್ತೆ ಆಯುಧ ಪೂಜೆಯ ವಾರಕ್ಕೆ. ಶನಿವಾರ ಏಳೂವರೆಗೇ ಪಿಕಪ್ಪು ಬಂತು. ಇನ್ನೂ ಕುಂಟುತ್ತಿದ್ದರು. ಮುಂದಿನ ಸೀಟಿನಿಂದ ಟವೆಲ್ಲಿನ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಶೆಡ್ಡಿನ ಕಡೆ ಹೆಜ್ಜೆ ಹಾಕಿದರು.

"ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದೆ. ಈ ಸಲ ನಿಮ್ಮ ಸ್ನೇಹಿತರ ಮುಂದೆ ಮರ್ಯಾದೆ ಹೋಗಬಾರದು" ಅಂದರು.

ಶೆಡ್ಡಿನಲ್ಲಿ ಹೊಸ ಬ್ಯಾಟರಿ ಕೂತಿತ್ತು. ಅವರು ಅದನ್ನು ನೋಡಿದರು, ಕೆಂಪು ಕಪ್ಪು ಹೊಸ ವೈರುಗಳನ್ನು ನೋಡಿದರು. ಕೈಯಲ್ಲಿದ್ದ ಭಾರವನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತರು. ನಾನೇ ಅದನ್ನು ಇಸಕೊಂಡು ಪಿಕಪ್ಪಿನಲ್ಲಿ ಇಟ್ಟುಬಂದೆ. ನನಗೆ ಮೈಯೆಲ್ಲ ನಾಚಿಕೆಯಾಯಿತು.

"ಅಚ್ಚುಕಟ್ಟಾಗಿ ಮಾಡಿದ್ದೀರಿ" ಅಂದರು. ಹೊಗಳಿಕೆ ಸುಳ್ಳಾಗಿರಲಿಲ್ಲ.

ಪೂಜೆಯಾದ ಮೇಲೆ ಅವರನ್ನೇ ಹತ್ತಿಸಿದೆವು. ಎರಡು ಸಲ ಚೋಕ್ ಎಳೆದರು. ಹ್ಯಾಂಡಲ್ ಬೇಡವೆಂದು ನಾನು ಕೈಸನ್ನೆ ಮಾಡಿದೆ. ತಗಡಿನ ಮೇಲೆ ಒಂದು ಏಟು ತಟ್ಟಿ, ಎರಡನೆಯದಕ್ಕೆ ಬಲಗೈ ಎತ್ತಿದ್ದರು. ಅಷ್ಟರಲ್ಲಿ ಎಡಗೈ ಬಟನ್ನಿಗೆ ಸ್ವಲ್ಪ ತಾಗಿತು. ಯಂತ್ರ ಒಂದೇ ಸಲಕ್ಕೆ ಗುಡುಗಿ ಶುರುವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎತ್ತಿದ ಕೈಯನ್ನು ಅವರು ನಿಧಾನವಾಗಿ ತೊಡೆಯ ಮೇಲೆ ಇಟ್ಟುಕೊಂಡರು. ನಿಂಬೆಹಣ್ಣು ಅರೆದು, ಇಳಿದು, ಕೋಸಂಬರಿ ತಿಂದು ಹೊರಟರು.

ಮುಂದಿನ ಶನಿವಾರ ಅವರು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮೂರನೆಯ ವಾರ ನಾನೇ ಹೋದೆ. ಯಾವಾಗಲೂ ಅವರೇ ಬರುತ್ತಿದ್ದುದರಿಂದ ಆ ಮನೆಯ ಬಾಗಿಲು ತಟ್ಟಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಸ್ಟೋವಿನ ಪಕ್ಕ ಮಡಿಸಿದ ಟವೆಲ್ಲು, ಅದರ ಮೇಲೆ ಆ ಬ್ಯಾಟರಿ. ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು.

ಈಗ ಶನಿವಾರ ಕ್ರಾಲರ್ ಕೆಲಸ ಮುಗಿಸಿ ನಾನೇ ಅಲ್ಲಿಗೆ ಹೋಗುತ್ತೇನೆ. ಕೂತ ತಕ್ಷಣ ಅವರು, "ಇವತ್ತು ಸ್ಟಾರ್ಟ್ ಆಯಿತಾ?" ಎಂದು ಕೇಳುತ್ತಾರೆ. ಒಂದು ಸಲವಾದರೂ ಇಲ್ಲ ಅಂದುಬಿಡೋಣ ಅನ್ನಿಸುತ್ತದೆ. ಆದರೆ ಅದರ ಗುಡುಗು ಆ ಅಡುಗೆಮನೆಯವರೆಗೂ ಕೇಳಿಸುತ್ತದೆ. ಆಯಿತು ಅನ್ನುತ್ತೇನೆ.